ಏಳನೇ ಬೆಡ್ಡಿನ ಆರು ಗಂಟೆ

ಅರಸೀಕೆರೆಯಿಂದ ಜಾವಗಲ್ ಮೇಲೆ ಬೇಲೂರಿಗೆ ಹೋಗುವ ಕೊನೇ ಬಸ್ಸು ಯಾರಿಗೂ ಕಾಯುವ ಬಸ್ಸಲ್ಲ. ಕಂಡಕ್ಟರ್ ಕರಿಯಪ್ಪ ಅಂಥ ಖಡಕ್ ಮನುಷ್ಯ. ಸ್ವಂತ ಷಡ್ಡಕ ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದರೂ ‘ರೈಟ್’ ಅಂದು ಸೀಟಿ ಊದಿದವನು. ಅಂಥವನ ಬಸ್ಸು ಊರಾಚೆಯ ನರ್ಸಿಂಗ್ ಹೋಮಿನ ಗೇಟಿನ ಮುಂದೆ ಮಾತ್ರ ಸಂಜೆ ಏಳಕ್ಕೆ ನಿಂತು, ಎರಡು ಸಲ ಉದ್ದಕ್ಕೆ ಹಾರ್ನ್ ಹೊಡೆದು, ಐದಲ್ಲ, ಹತ್ತು ನಿಮಿಷ ಕಾಯುತ್ತಿತ್ತು. ಯಾರಿಗಾಗಿ? ಭಾಗ್ಯ ಸಿಸ್ಟರಿಗಾಗಿ.

ಇದೇನು ಸುಮ್ಮನೆ ಬಂದ ಮರ್ಯಾದೆಯಲ್ಲ. ಆರು ವರ್ಷದ ಹಿಂದೆ ಜಾವಗಲ್ ದಾಟುತ್ತಿದ್ದಂತೆ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಬಸ್ಸಿನಲ್ಲೇ ಫಿಟ್ಸ್ ಬಂತು. ಕೈಗೆ ಬೀಗದ ಕೈ ಹಿಡಿಸಿ ಅನ್ನುವವರೇನು, ಈರುಳ್ಳಿ ಮೂಸಿಸಿ ಅನ್ನುವವರೇನು! ಭಾಗ್ಯ ಅಷ್ಟೂ ಜನರನ್ನು ಗದರಿಸಿ ಆಚೆ ಸರಿಸಿ, ಅವರನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಉಸಿರು ಸರಿಹೋಗುವವರೆಗೆ ಪಕ್ಕದಲ್ಲೇ ಕೂತಿದ್ದಳು. ಅವತ್ತಿನಿಂದ ಡ್ರೈವರ್ ಹಿಂದಿನ ಸೀಟು ಅವಳದು. ಕರಿಯಪ್ಪ ಅದರ ಮೇಲೆ ತನ್ನ ಚೀಲ ಇಟ್ಟು ಕಾಯ್ದಿರಿಸುತ್ತಿದ್ದ. ಯಾರಾದರೂ ಗೊಣಗಿದರೆ, "ಸಿಸ್ಟರು ಬರ್ಲಿ ತಡೀರ್ಲಾ, ನಾಳೆ ನಿಮಗೇ ಬೇಕಾಯ್ತಾರೆ" ಅನ್ನುತ್ತಿದ್ದ.

ಹಳೇಬೀಡಿನ ಹತ್ತಿರದ ಹುಲಿಕೆರೆ ಅವಳ ಊರು. ಗಂಡ ಇಂದುಧರನಿಗೆ ಅಲ್ಲೇ ತೆಂಗಿನ ತೋಟ, ಮಗಳು ಸಿರಿ ಏಳನೇ ಕ್ಲಾಸು. ಭಾಗ್ಯ ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಹನ್ನೆರಡು ಗಂಟೆಯ ಡ್ಯೂಟಿ ಮಾಡಿದವಳು. ವಾರಕ್ಕೆ ನಾಲ್ಕು ದಿನ ದುಡಿತ, ಮೂರು ದಿನ ಮನೆ. ಆ ಲೆಕ್ಕ ಅವಳ ಮೈಗೆ ಹೊಂದಿಕೊಂಡುಬಿಟ್ಟಿತ್ತು.

ಅದನ್ನು ಕೆಡಿಸಲು ಹೊರಟವಳು ಧನುಶ್ರೀ. ಇಪ್ಪತ್ನಾಲ್ಕು ವರ್ಷದ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು ಅಷ್ಟೇ. ನರ್ಸಿಂಗ್ ಹೋಮಿನ ಹಿಂದಿನ ಬೀದಿಯಲ್ಲಿ ರೂಮು ಮಾಡಿಕೊಂಡಿದ್ದಳು. "ಸಾರ್, ಹತ್ತು ಗಂಟೆ ಆದ್ಮೇಲೆ ತಲೆ ಓಡಲ್ಲ. ಎಂಟೆಂಟು ಗಂಟೆ ಮೂರು ಶಿಫ್ಟ್ ಮಾಡಿ, ಆರು ದಿನ ಬರ್ತೀವಿ" ಎಂದು ಡಾಕ್ಟರ್ ಶರತ್‌ಚಂದ್ರ ಅವರಿಗೇ ನೇರ ಹೇಳಿಬಿಟ್ಟಳು. ಡಾಕ್ಟರರೇ ನರ್ಸಿಂಗ್ ಹೋಮಿನ ಮಾಲೀಕರು. ಒಳ್ಳೆಯ ಮನುಷ್ಯ, ಆದರೆ ನಿರ್ಧಾರ ಅಂದರೆ ತಲೆನೋವು. "ನೀವೇ ಒಂಬತ್ತು ಜನ ಕೂತು ಆರಿಸ್ಕೊಳ್ಳಿ" ಎಂದು ಒಂದು ಹಾಳೆಯಲ್ಲಿ ಎರಡು ಕಾಲಮ್ ಹಾಕಿ, ಹೆಡ್ ನರ್ಸ್ ಲಲಿತಮ್ಮನವರ ಕೈಗೆ ಕೊಟ್ಟು ಕೈತೊಳೆದುಕೊಂಡರು. ಎಡಕ್ಕೆ ಹನ್ನೆರಡು, ಬಲಕ್ಕೆ ಎಂಟು. ಶನಿವಾರ ಮೂರು ಗಂಟೆಗೆ ಎಲ್ಲರೂ ಸಹಿ ಹಾಕಬೇಕು.

ಎಂಟು ಗಂಟೆ ಅಂದರೆ ಭಾಗ್ಯಳಿಗೆ ಆಗುವ ಮಾತಲ್ಲ. ಬೆಳಗಿನ ಪಾಳಿ ಆರಕ್ಕೆ ಶುರು. ಹುಲಿಕೆರೆಯಿಂದ ಆರಕ್ಕೆ ಅರಸೀಕೆರೆ ಮುಟ್ಟಿಸುವ ಬಸ್ಸನ್ನು ಯಾವ ಪುಣ್ಯಾತ್ಮನೂ ಇನ್ನೂ ಬಿಟ್ಟಿಲ್ಲ. ಮಧ್ಯಾಹ್ನದ್ದು ಮುಗಿಯುವುದು ರಾತ್ರಿ ಹತ್ತಕ್ಕೆ. ಅಷ್ಟು ಹೊತ್ತಿಗೆ ಕರಿಯಪ್ಪ ಬೇಲೂರಿನಲ್ಲಿ ಉಂಡು ಮಲಗಿರುತ್ತಾನೆ. ಹಾಗಾದರೆ ಅರಸೀಕೆರೆಯಲ್ಲೇ ಇರಬೇಕು, ಸಿರಿಯ ಮುಖ ವಾರಕ್ಕೊಮ್ಮೆ ನೋಡಬೇಕು. ಇದನ್ನು ಇದ್ದ ಹಾಗೆ ಹೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಅವಳು ಹೇಳಿದ್ದೇ ಬೇರೆ. "ಪೇಷೆಂಟಿಗೆ ದಿನಾ ಮೂರು ಮೂರು ಮುಖ ತೋರಿಸ್ತೀರೇನ್ರೇ? ನಮ್ ಕಾಲದಲ್ಲಿ ಹದಿನಾರು ಗಂಟೆ ಮಾಡಿದ್ದೀವಿ. ಹನ್ನೊಂದನೇ ಗಂಟೇಲೂ ನನ್ ಕೈ ನಡುಗಿಲ್ಲ. ಕೆಲಸ ಬೇಡದವರಿಗೆ ಸುಸ್ತು ಬೇಗ" ಎಂದು ಎಲ್ಲರ ಮುಂದೆ ಆಡಿದಳು. ಧನುಶ್ರೀ ತಲೆ ತಗ್ಗಿಸಿದಳು. ನಾಲ್ಕೈದು ಜನ ಹೌದಲ್ಲವೇ ಎಂದು ತಲೆ ಆಡಿಸಿದರು. ದೊಡ್ಡ ಮಾತು ಆಡುವಾಗ ನಾಲಿಗೆಗೆ ಖರ್ಚಿಲ್ಲ ನೋಡಿ.

ಆ ಮಾತಾಡಿದ ಮೂರನೇ ದಿನ ಬುಧವಾರ. ಕರಿಯಪ್ಪನ ತಾಯಿ, ಬಾಣಾವರದ ರಂಗಮ್ಮ, ಗರ್ಭಕೋಶದ ಆಪರೇಷನ್ ಆಗಿ ಏಳನೇ ಬೆಡ್ಡಿನಲ್ಲಿದ್ದರು. ಎರಡೆರಡು ಗಂಟೆಗೆ ಬಿ.ಪಿ., ನಾಡಿ ನೋಡಿ ಚಾರ್ಟಿನಲ್ಲಿ ಬರೆಯಬೇಕು ಎಂದು ಡಾಕ್ಟರ್ ಹೇಳಿದ್ದರು. ಭಾಗ್ಯ ನೋಡಿಯೂ ಇದ್ದಳು. ಎರಡಕ್ಕೆ ಸರಿ, ನಾಲ್ಕಕ್ಕೆ ಸರಿ. ಆರಕ್ಕೆ ಇನ್ನೇನು ಕಾಲು ಗಂಟೆ ಇರುವಾಗ ಬೈಕಿನಿಂದ ಬಿದ್ದ ಗಂಡ ಹೆಂಡತಿಯನ್ನು ತಂದರು. ಹೆಂಡತಿಯ ತಲೆಯಿಂದ ರಕ್ತ, ಗಂಡನ ಬಾಯಿಂದ ಕೂಗು. ಹೊಲಿಗೆ, ಡ್ರಿಪ್ಪು, ಎಕ್ಸ್‌ರೇ ಅಂತ ಓಡಾಡಿ ಕೈ ತೊಳೆದು ನೋಡುತ್ತಾಳೆ, ಏಳಕ್ಕೆ ಐದು ನಿಮಿಷ. ನಾಲ್ಕು ಚಾರ್ಟುಗಳಲ್ಲಿ ಆರು ಗಂಟೆಯ ಮನೆ ಖಾಲಿ.

ಮೂವರದು ಬಿರಬಿರನೆ ನೋಡಿ ಬರೆದಳು. ಏಳನೇ ಬೆಡ್ಡಿಗೆ ಬಂದಾಗ ರಂಗಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಕಾಲು ಊದಿಕೊಂಡಿತ್ತು, ಅವರದಲ್ಲ, ಭಾಗ್ಯಳದು. ಹನ್ನೆರಡು ಗಂಟೆ ನಿಂತ ಕಾಲು. ಅಷ್ಟರಲ್ಲಿ ಗೇಟಿನ ಹತ್ತಿರ ಹಾರ್ನ್ ಆಯಿತು. ಒಂದು, ಎರಡು. ಪಾಪ, ಈಗ ನಿದ್ದೆ ಹತ್ತಿದೆ, ಎಬ್ಬಿಸೋದ್ಯಾಕೆ ಅಂದುಕೊಂಡಳು. ಪೆನ್ನು ತೆಗೆದಳು. ನಾಲ್ಕು ಗಂಟೆಯದು ೧೨೪/೮೦ ಇತ್ತು. ಆರರ ಮನೆಯಲ್ಲಿ ೧೨೨/೮೦ ಬರೆದಳು. ಎರಡು ಯಾಕೆ ಕಡಿಮೆ ಮಾಡಿದಳು ಗೊತ್ತೇ? ನಿಜವಾಗಿ ನೋಡಿದ ಹಾಗೆ ಕಾಣಲಿ ಅಂತ.

ರಾತ್ರಿ ಡ್ಯೂಟಿಗೆ ಬಂದವಳು ಧನುಶ್ರೀ. ಭಾಗ್ಯ ಒಂದೊಂದೇ ಬೆಡ್ಡು ಒಪ್ಪಿಸುತ್ತಾ, "ಏಳನೇದು ಏನೂ ತೊಂದ್ರೆ ಇಲ್ಲ ಕಣೇ. ಈಗಷ್ಟೇ ಮಲಗಿದಾರೆ, ಎಬ್ಬಿಸ್ಬೇಡ" ಎಂದು ಹೇಳಿ ಬ್ಯಾಗು ಎತ್ತಿಕೊಂಡು ಓಡಿದಳು. ಬಸ್ಸಿನ ಬಾಗಿಲಲ್ಲಿ ಕರಿಯಪ್ಪ ನಿಂತಿದ್ದ. "ಅವ್ವ ಹೆಂಗೈತೆ ಸಿಸ್ಟರೇ?" ಅಂದ. "ಆರಾಮಾಗಿ ನಿದ್ದೆ ಮಾಡ್ತಾ ಇದಾರೆ" ಅಂದಳು. ಅವನು ಸಮಾಧಾನದಿಂದ ಸೀಟಿನ ಮೇಲಿದ್ದ ಚೀಲ ತೆಗೆದ.

ಗುರುವಾರ ಅವಳಿಗೆ ರಜ. ಶುಕ್ರವಾರ ಬೆಳಿಗ್ಗೆ ಹೋದರೆ ಏಳನೇ ಬೆಡ್ಡು ಖಾಲಿ. ಲಲಿತಮ್ಮ ಬಾಗಿಲಲ್ಲೇ ಹೇಳಿದರು. "ಬುಧವಾರ ರಾತ್ರಿ ಒಂಬತ್ತು ಗಂಟೆಗೆ ನೋಡಿದ್ರೆ ಮೈಯೆಲ್ಲಾ ತಣ್ಣಗೆ ಬೆವರು ಕಣಮ್ಮ, ಬಿ.ಪಿ. ಎಪ್ಪತ್ತು. ಒಳಗೇ ರಕ್ತ ಹೋಗ್ತಾ ಇತ್ತು. ಆಂಬ್ಯುಲೆನ್ಸಲ್ಲಿ ಹಾಸನಕ್ಕೆ ಕಳಿಸಿ, ಅಲ್ಲಿ ಮತ್ತೆ ಹೊಟ್ಟೆ ಕೊಯ್ದು, ನಾಲ್ಕು ಬಾಟ್ಲಿ ರಕ್ತ ಹಾಕಿದ್ರು. ಬದುಕಿದಾರೆ, ದೇವರು ದೊಡ್ಡವನು. ಆ ಹುಡುಗಿ ಎಂಟರ ಬಿ.ಪಿ.ನ ಒಂಬತ್ತಕ್ಕೆ ನೋಡಿದಾಳೆ, ಏನು ಹೇಳೋದು!"

 ಬದುಕಿದ್ದಾರೆ ಎಂಬುದಕ್ಕೆ ಭಾಗ್ಯ ಕೈ ಮುಗಿದಳು; ಮರುಕ್ಷಣವೇ ಅವಳ ಕಣ್ಣು ಚಾರ್ಟು ಎಲ್ಲಿದೆ ಎಂದು ಹುಡುಕಿತು. ಇದೇ ಅವಳಿಗೆ ಹೆಚ್ಚು ಹೇಸಿಗೆ ತಂದದ್ದು. ಚಾರ್ಟು ಅಲ್ಲೇ ಮೇಜಿನ ಮೇಲಿತ್ತು. ಅವಳ ದುಂಡು ಅಕ್ಷರ, ಅವಳ ಸಹಿ. ೧೨೨/೮೦. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದಳು! ಯಾರಿಗೂ ಅನುಮಾನ ಬಂದಿರಲಿಲ್ಲ. ಆಗಲೇ ಹೇಳಬಹುದಿತ್ತು. ‘ಹೇಳ್ತೀನಿ, ಮಧ್ಯಾಹ್ನ ಹೇಳ್ತೀನಿ’ ಅಂದುಕೊಂಡೇ ಶುಕ್ರವಾರ ಕಳೆಯಿತು. ಮನೆಗೆ ಹೋಗಿ ಅನ್ನ ಅರ್ಧಕ್ಕೇ ಬಿಟ್ಟು ಎದ್ದಳು. "ಯಾಕೆ, ಸುಸ್ತಾ?" ಎಂದು ಇಂದುಧರ ಕೇಳಿದ. ಹೂಂ ಅಂದಳು. ಸುಸ್ತು ಅಂತ ಒಪ್ಪಿಕೊಂಡದ್ದು ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

ಶನಿವಾರ ಮೂರು ಗಂಟೆಗೆ ಡಾಕ್ಟರ ಕೋಣೆಯಲ್ಲಿ ಎಲ್ಲರೂ ಸೇರಿದರು. ಡಾಕ್ಟರು ಸಿಟ್ಟಿನಲ್ಲಿದ್ದರು. ಚಾರ್ಟು ಎತ್ತಿ ತೋರಿಸಿದರು. "ನೋಡಿ, ಭಾಗ್ಯ ಹನ್ನೊಂದು ಗಂಟೆ ದುಡಿದ ಮೇಲೂ ಆರಕ್ಕೆ ಸರಿಯಾಗಿ ನೋಡಿ ಬರೆದಿದಾರೆ. ತಪ್ಪಿದ್ದು ಯಾರು? ಆಗ ತಾನೇ ಮನೆಯಿಂದ ಬಂದವಳು. ಸುಸ್ತಿನ ಮಾತೆಲ್ಲ ನೆಪ ಧನುಶ್ರೀ. ಕರಿಯಪ್ಪ ದೂರು ಬರೆದುಕೊಟ್ಟರೆ ನಿನ್ನನ್ನ ಇಟ್ಟುಕೊಳ್ಳೋಕೆ ಆಗಲ್ಲ, ಗೊತ್ತಾಯ್ತಾ?"

ಧನುಶ್ರೀ ಒಂದು ಸಲ ತಲೆಯೆತ್ತಿ ಭಾಗ್ಯಳನ್ನು ನೋಡಿದಳು. ‘ಎಬ್ಬಿಸ್ಬೇಡ ಅಂತ ನೀವೇ ಹೇಳಿದ್ರಲ್ಲ ಅಕ್ಕ’ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ಭಾಗ್ಯ ಅವಳ ಬಾಯನ್ನೇ ನೋಡಿದಳು. ಹುಡುಗಿ ಅನ್ನಲಿಲ್ಲ. ಹಿರಿಯರನ್ನು ನಾಲ್ಕು ಜನರ ಮುಂದೆ ಸಿಕ್ಕಿಸಬಾರದು ಎಂದು ಅವಳ ತಾಯಿ ಕಲಿಸಿದ್ದಳೇನೋ. "ತಪ್ಪಾಯ್ತು ಸಾರ್" ಎಂದಳು, ಅಷ್ಟೇ.

ಹಾಳೆ ಸುತ್ತು ಬಂತು. ಎಲ್ಲಕ್ಕಿಂತ ಮೊದಲು ಧನುಶ್ರೀಯೇ ಎಡಗಡೆ, ಹನ್ನೆರಡರ ಕೆಳಗೆ, ಸಹಿ ಹಾಕಿದಳು. ಅದನ್ನು ನೋಡಿ ಉಳಿದವರೂ ಅಲ್ಲೇ ಹಾಕಿದರು. ಭಾಗ್ಯಳೂ ಹಾಕಿದಳು. ಬೇಕು ಅಂದದ್ದು ಸಿಕ್ಕಿತ್ತು: ಅವಳ ಬಸ್ಸು, ಅವಳ ಮೂರು ದಿನ, ಸಿರಿಯ ಜಡೆ ಹೆಣೆಯುವ ಬೆಳಗುಗಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳಿಗೆ ಆ ಕೆಲಸವೂ ಬೀಳಲಿಲ್ಲ, ಯಾರೂ ಕಳ್ಳ ಅನ್ನಲೇ ಇಲ್ಲವಲ್ಲ. ಬದಲಿಗೆ ಲಲಿತಮ್ಮ ಬೆನ್ನು ತಟ್ಟಿದರು. ಆ ಕೈ ಬೆನ್ನ ಮೇಲೆ ಇದ್ದಷ್ಟು ಹೊತ್ತು ಭಾಗ್ಯ ನಾಚಿಕೆಯಿಂದ ಸತ್ತಳು.

ಸಂಜೆ ಏಳಕ್ಕೆ ಹಾರ್ನ್ ಆಯಿತು. ಮೂರು ದಿನ ಹಾಸನದಲ್ಲಿದ್ದ ಕರಿಯಪ್ಪ ಅವತ್ತು ಕೆಲಸಕ್ಕೆ ಬಂದಿದ್ದ. ಗಡ್ಡ ಬೆಳೆದಿತ್ತು. "ಬನ್ನಿ ಸಿಸ್ಟರೇ" ಎಂದು ಚೀಲ ಎತ್ತಿಕೊಂಡು, ಟಿಕೆಟ್ಟೆಲ್ಲ ಹರಿದು ಮುಗಿಸಿ ಅವಳ ಪಕ್ಕದಲ್ಲೇ ಬಂದು ಕೂತ. "ಅವ್ವ ಈಗ ಗಂಜಿ ಕುಡೀತೈತೆ. ನೀವಿದ್ದಷ್ಟು ಹೊತ್ತು ಚೆನ್ನಾಗಿತ್ತು ನೋಡಿ. ನೀವು ಈ ಕಡೆ ಬಂದ್ರಿ, ಆ ಹುಡ್ಗಿ ಅವ್ವನ್ನ ಸಾಯಾಕೆ ಬಿಟ್ಟವ್ಳೆ." ಜೇಬಿನಿಂದ ಮಡಿಚಿದ ಗೆರೆ ಹಾಳೆ ತೆಗೆದ. "ದೂರು ಕೊಡ್ತೀನಿ. ನಂಗೆ ಆಸ್ಪತ್ರೆ ಮಾತು ಬರಾಕಿಲ್ಲ. ನೀವೇ ಬರ್ಕೊಡಿ, ನಾನು ಸಹಿ ಹಾಕ್ತೀನಿ."

ಹಿಂದಿನ ಸೀಟಿನವರು, "ಬರೀರಿ ಸಿಸ್ಟರೇ, ಬಿಡಬ್ಯಾಡಿ ಅಂಥೋರ್ನ" ಎಂದರು. ಬಸ್ಸಿಗೆ ಬಸ್ಸೇ ಅವಳ ಕಡೆ ಇತ್ತು.

ಭಾಗ್ಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ಹರಡಿದಳು. ‘ಮಾನ್ಯರೇ’ ಎಂದು ಬರೆದಳು. ‘ದಿನಾಂಕ’ ಬರೆದಳು. ‘ರಾತ್ರಿ ಪಾಳಿಯ ನರ್ಸ್’ ಎಂದು ಬರೆದು ನಿಂತಳು. ಮುಂದೆ ಒಂದು ಹೆಸರು ಬರೆದರೆ ಸಾಕು, ಈ ವಿಷಯ ಇಲ್ಲಿಗೇ ಮುಚ್ಚಿಹೋಗುತ್ತದೆ. ಬುಧವಾರದ ಸಂಜೆಯೂ ಪೆನ್ನು ಹೀಗೇ ಖಾಲಿ ಜಾಗದ ಮುಂದೆ ನಿಂತಿತ್ತು. ಜಾವಗಲ್ ಬಂತು, ನಾಲ್ಕು ಜನ ಇಳಿದರು. ಅವಳು ಬರೆದದ್ದನ್ನು ಹೊಡೆದುಹಾಕಿದಳು. ಬಾಯಿಂದ ಹೇಳಲು ಬರುತ್ತಿರಲಿಲ್ಲ, ಆದ್ದರಿಂದ ಬರೆದಳು: ‘ಸಂಜೆ ಆರು ಗಂಟೆಗೆ ನನ್ನ ತಾಯಿಯವರ ಬಿ.ಪಿ. ನೋಡಬೇಕಾಗಿದ್ದ ಸ್ಟಾಫ್ ನರ್ಸ್ ಭಾಗ್ಯ ಎಂಬುವವರು ಅದನ್ನು ನೋಡದೆ, ನೋಡಿದಂತೆ ಸುಳ್ಳು ಬರೆದಿರುತ್ತಾರೆ. ನಿದ್ದೆಯಲ್ಲಿದ್ದಾರೆ, ಎಬ್ಬಿಸಬೇಡ ಎಂದು ರಾತ್ರಿಯ ನರ್ಸಿಗೆ ಹೇಳಿದವರೂ ಅವರೇ. ಬಸ್ಸು ಬಂದಿದ್ದರಿಂದ ಹೀಗೆ ಮಾಡಿರುತ್ತಾರೆ.’

ಹಾಳೆಯನ್ನು ಅವನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದಳು.

ಕರಿಯಪ್ಪ ದೀಪದ ಕೆಳಗೆ ಹಿಡಿದು ಓದಿದ. ಒಂದು ಸಲ ಓದಿ, ಮತ್ತೊಂದು ಸಲ ಬೆರಳಿಟ್ಟು ಓದಿದ. ಬಯ್ಯುತ್ತಾನೆ, ಬಯ್ಯಲಿ, ಕೆನ್ನೆಗೆ ಹೊಡೆದರೂ ಹೊಡೆಯಲಿ ಎಂದು ಭಾಗ್ಯ ಕಾದಳು. ಅವನು ಬಯ್ಯಲಿಲ್ಲ. "ಏನಂತೆ ಕರಿಯಪ್ಪ?" ಎಂದು ಹಿಂದಿನವನು ಕೇಳಿದ್ದಕ್ಕೆ "ನಿನ್ ಸ್ಟಾಪು ಬಂದ್ರೆ ಇಳ್ಕ, ಸುಮ್ಕಿರ್ಲಾ" ಎಂದ. ಆಮೇಲೆ ತಗ್ಗಿದ ದನಿಯಲ್ಲಿ ಮಾತಾಡಿದ.

"ಅವ್ವ ಮಲಗಿರ್ಲಿಲ್ಲ ಸಿಸ್ಟರೇ."

ಭಾಗ್ಯ ತಿರುಗಿದಳು.

"ಎಚ್ಚರಾಗೇ ಇತ್ತಂತೆ. ತಲೆ ಸುತ್ತು, ಕಣ್ಣು ಕತ್ತಲೆ. ನೀವು ಬಂದು ಪಕ್ಕ ನಿಂತ್ಕೊಂಡಿದ್ದೂ ಗೊತ್ತಂತೆ. ಕೂಗಾನ ಅಂದ್ಕತಂತೆ. ಅಷ್ಟರಾಗೆ ಹಾರ್ನ್ ಕೇಳಿಸ್ತಂತೆ. ‘ನನ್ ಮಗ ಬಂದು ಕಾಯ್ತಾವ್ನೆ, ಈವಮ್ಮ ಬೆಳಗಿಂದ ನಿಂತೇ ಐತೆ, ಮನೇಲಿ ಮಗು ಐತೆ, ಹೋಗ್ಲಿ ಪಾಪ, ಹೊಸಬ್ಳು ಬಂದ್ಮೇಲೆ ಹೇಳಾನ’ ಅಂತ ಸುಮ್ನಾಯ್ತಂತೆ. ಆಮ್ಯಾಕೆ ಜ್ಞಾನ ತಪ್ಪೈತೆ. ಹಾಸನದಾಗೆ ನಂಗೆ ಹೇಳ್ತು. ನಾನು, ಅವ್ವಂಗೆ ಮತ್ತಿನ ಔಷಧಿ ಏರೈತೆ, ಏನೇನೋ ಅಂತೈತೆ ಅಂದ್ಕಂಡೆ."

ಭಾಗ್ಯ ಸೆರಗು ಬಾಯಿಗೆ ಒತ್ತಿಕೊಂಡಳು. ಮಲಗಿರುವವರನ್ನು ಎಬ್ಬಿಸಬಾರದು ಎಂದು ಇವಳು ನೆಪ ಹೂಡಿದಳು. ಸಾಯುತ್ತಿದ್ದ ಆ ಹೆಂಗಸು ಇವಳ ಬಸ್ಸು ತಪ್ಪಬಾರದು ಎಂದು ಬಾಯಿ ಕಟ್ಟಿಕೊಂಡಿದ್ದಳು. ಯಾರು ಯಾರನ್ನು ನೋಡಿಕೊಂಡರು ಅಂತ ಕೇಳಿದರೆ ಏನು ಉತ್ತರ ಹೇಳುವುದು? ಅವಳಿಗೆ ಅಳು ಬಂತು. ಬಸ್ಸಿನ ಜನವೆಲ್ಲ ನೋಡುತ್ತಿದ್ದರೂ ಅತ್ತಳು.

ಹುಲಿಕೆರೆ ಗೇಟು ಬಂದಾಗ ಕರಿಯಪ್ಪ ಕಾಗದ ಮಡಿಚಿ ಚೀಲದೊಳಗಿಟ್ಟ. "ನಾನು ಕೊಡ್ಲೋ, ನೀವೇ ಹೇಳ್ತೀರೋ?"

"ನಾನೇ ಹೇಳ್ತೀನಿ."

"ಹೇಳಿ. ಹಾರ್ನ್ ಹೊಡಿಸಿದೋನು ನಾನು. ಇನ್ಮ್ಯಾಕೆ ಹೊಡ್ಸಾಕಿಲ್ಲ" ಎಂದು ಹೇಳಿ ಸೀಟಿ ಊದಿದ. ಬಸ್ಸು ಹೋಯಿತು.

ಸೋಮವಾರ ಬೆಳಿಗ್ಗೆ ಅವಳು ಎಲ್ಲರನ್ನೂ ಸೇರಿಸಿಯೇ ಹೇಳಿದಳು. ತಪ್ಪಿತಸ್ಥಳೆಂದು ಧನುಶ್ರೀಯನ್ನು ನಿಲ್ಲಿಸಿದ್ದ ಅದೇ ಕೋಣೆಯಲ್ಲಿ ನಿಂತು ಹೇಳಿದಳು. ಡಾಕ್ಟರು ಚಾರ್ಟನ್ನೂ ಅವಳನ್ನೂ ನೋಡಿ, ಒಂದು ತಿಂಗಳು ಮನೆಯಲ್ಲಿರಿ ಎಂದರು. ಲಲಿತಮ್ಮ ಮುಖ ತಿರುಗಿಸಿಕೊಂಡರು. ಧನುಶ್ರೀ ಮಾತ್ರ, "ನಾನೂ ಎಂಟಕ್ಕೆ ನೋಡ್ಬೇಕಿತ್ತು ಅಕ್ಕ" ಎಂದು ಅತ್ತಳು. ಭಾಗ್ಯ ಆ ಹಾಳೆ ಕೇಳಿ ಈಸಿಕೊಂಡು, ಎಡಗಡೆಯ ತನ್ನ ಸಹಿಗೆ ಗೆರೆ ಎಳೆದು, ಬಲಗಡೆ ಎಂಟರ ಕೆಳಗೆ ಹೆಸರು ಬರೆದಳು. ದುಂಡು ಅಕ್ಷರ ಈ ಸಲ ಸೊಟ್ಟಗಾಯಿತು. ಅವಳು ಹೋದ ಮೇಲೆ ಇನ್ನೂ ಆರು ಸಹಿ ಎಡದಿಂದ ಬಲಕ್ಕೆ ಬಂದವಂತೆ.

ತಿಂಗಳು ಕಳೆದು ಬಂದಾಗ ಎಂಟು ಗಂಟೆಯ ಪಾಳಿ ಶುರುವಾಗಿತ್ತು. ಮನೆಯಲ್ಲಿ ಇಂದುಧರ ಎರಡು ದಿನ ಮಾತು ಬಿಟ್ಟು, ಮೂರನೇ ದಿನ ತಾನೇ ಹಾಸಿಗೆ ಸುತ್ತಿಕೊಟ್ಟ. ಸಿರಿ ಜಡೆ ಹಾಕಿಕೊಳ್ಳುವುದನ್ನು ಕಲಿತಳು. ಅರಸೀಕೆರೆಯಲ್ಲಿ ಇರಲು ರೂಮು ಹುಡುಕುತ್ತೇನೆ ಅಂದಾಗ ಧನುಶ್ರೀ ತನ್ನ ರೂಮಿನ ಇನ್ನೊಂದು ಬೀಗದ ಕೈಯನ್ನು ತಂದು ಭಾಗ್ಯಳ ಅಂಗೈಯಲ್ಲಿಟ್ಟಳು. ಬೇಡ ಅನ್ನಲು ಮುಖವಿಲ್ಲ, ಇಸಿದುಕೊಳ್ಳಲು ಮೊದಲೇ ಮುಖವಿಲ್ಲ. ಇಸಿದುಕೊಂಡಳು.

ಒಂದು ಸಂಜೆ ಮಧ್ಯಾಹ್ನದ ಪಾಳಿಯಲ್ಲಿ ಇಬ್ಬರೂ ಇದ್ದರು. ಅವತ್ತು ಬೆಳಿಗ್ಗೆ ರಂಗಮ್ಮ ತಪಾಸಣೆಗೆಂದು ಬಂದಿದ್ದರು. ಒಂದು ರಾತ್ರಿ ಇದ್ದು ಹೋಗಲಿ ಎಂದು ಡಾಕ್ಟರ್ ಹೇಳಿದ್ದರಿಂದ ಮತ್ತೆ ಅದೇ ಏಳನೇ ಬೆಡ್ಡು. ಏಳು ಗಂಟೆಗೆ ಗೇಟಿನ ಮುಂದೆ ಬೇಲೂರಿನ ಬಸ್ಸು ಹಾರ್ನ್ ಇಲ್ಲದೆ, ನಿಲ್ಲದೆ ಹಾದುಹೋಯಿತು. ರಂಗಮ್ಮ ಕಿವಿ ಆನಿಸಿ ಕೇಳಿ, "ನಮ್ ಹೈದ ನಿಲ್ಲಿಸ್ಲೇ ಇಲ್ವಲ್ಲವ್ವ, ನಿಂಗೆ ಬಸ್ಸು ತಪ್ತು" ಎಂದು ಗಾಬರಿಯಾದರು.

"ಇಲ್ಲಮ್ಮ, ಹತ್ತು ಗಂಟೇವರೆಗೂ ಇಲ್ಲೇ ಇರ್ತೀನಿ. ತೋಳು ಕೊಡಿ" ಎಂದು ಭಾಗ್ಯ ಪಟ್ಟಿ ಸುತ್ತಿದಳು. ಗಾಳಿ ಹಾಕಿ, ನಿಧಾನಕ್ಕೆ ಇಳಿಸಿ, ಕಿವಿಗೊಟ್ಟು ಕೇಳಿದಳು. ನೂರ ಇಪ್ಪತ್ತೆರಡು, ಎಂಬತ್ತು.

ಪಟ್ಟಿ ಬಿಚ್ಚಿ, ಮತ್ತೆ ಸುತ್ತಿ ನೋಡಿದಳು. ಅಷ್ಟೇ ಬಂತು. ನಿಜವಾಗಿಯೂ ಅಷ್ಟೇ ಇತ್ತು. ಪೆನ್ನು ತೆಗೆದಳು, ಆದರೆ ಅವತ್ತು ನೋಡದೆ ಬರೆದಿದ್ದ ಅದೇ ಅಂಕಿಯನ್ನು ಬರೆಯಲು ಕೈ ಏಳಲಿಲ್ಲ.

"ಧನುಶ್ರೀ, ಸ್ವಲ್ಪ ಬಾರೇ ಇಲ್ಲಿ" ಎಂದು ಕರೆದಳು. "ಇವರ ಬಿ.ಪಿ. ನೀನು ನೋಡಿ, ನೀನೇ ಬರಿ."